ಮಿಂಕಿನ ಬಣ್ಣ ಮತ್ತು ಮೆಂಡೆಲ್ ಸ್ವಾಮಿಗಳು

1822ರಲ್ಲಿ ಸೈಲೀಷಿಯಾದ ರೈತ ಕುಟುಂಬದಲ್ಲಿ ಜನಿಸಿದ ಗ್ರೆಗೋರ್ ಮೆಂಡೆಲರು 1843ರಲ್ಲಿ ಬ್ರನೋ ನಗರದ ಅಗಸ್ಟೀನಿಯನ್ ಮಠವನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರೂ ಎದೆಗುಂದದೆ, 1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿ ಬೆಳೆಸಿ, ಒಂದು ತಲೆಮಾರಿನಲ್ಲಿ ಮರೆಯಾದ ಗುಣವು ಮುಂದಿನ ತಲೆಮಾರಿನ ನಾಲ್ಕರಲ್ಲೊಂದು ಸಸಿಯಲ್ಲಿ ಮರಳುವುದೆಂದು ಎಣಿಸಿ ತೋರಿಸಿದರು. 1866ರಲ್ಲಿ ಅಚ್ಚಾದ ಆ ಪ್ರಬಂಧವನ್ನು ವಿದ್ವಾಂಸರು ಬಹುಮಟ್ಟಿಗೆ ಕಡೆಗಣಿಸಿದರು. 1868ರಲ್ಲಿ ಮಠಾಧಿಪತಿಯಾದ ಅವರು 1884ರಲ್ಲಿ ದೈವಾಧೀನರಾದರು. 1900ರಲ್ಲಷ್ಟೇ ಅವರ ನಿಯಮವು ಬೆಳಕಿಗೆ ಬಂದಿತು.

ತುಪ್ಪಳಕ್ಕಾಗಿ ಸಾಕುವ, ಮುಂಗುಸಿಯನ್ನು ಹೋಲುವ ಮಿಂಕ್ ಪ್ರಾಣಿಗಳಲ್ಲಿ 1930ರ ದಶಕದ ಅಮೆರಿಕದಲ್ಲಿ ಬೆಳ್ಳಿನೀಲಿ ಬಣ್ಣ ಕಾಣಿಸಿಕೊಂಡಾಗ ಅದರ ಗುಟ್ಟನ್ನು ಬಿಡಿಸಿದ್ದೂ ಆ ನಿಯಮವೇ: ಈ ಬಣ್ಣದ ಅಂಶವನ್ನು ಮರೆಯಲ್ಲಿ ಹೊತ್ತ ಕಂದು ಜೋಡಿಗೆ ಸರಾಸರಿ ನಾಲ್ಕರಲ್ಲೊಂದು ಮರಿ ಬೆಳ್ಳಿನೀಲಿ. ಫಲವನ್ನು ಕಾಣದೆ ಬಿತ್ತಿದವರ ದುಡಿಮೆಯೂ ವ್ಯರ್ಥವಲ್ಲವೆಂದು ನಾವು ಅವರ ಬದುಕಿನಿಂದ ಅರಿಯುತ್ತೇವೆ.