ಗುರುವಿಲ್ಲದೆ ಗಿಟಾರ್ ಕಲಿತ ಸೆಗೋವಿಯಾ

ಹೊಸದಾಗಿ ಗಿಟಾರ್ ಕಲಿಯಹೊರಟವರಿಗೆ ಮೊದಲು ಸಿಗುವುದು ಸಂಗೀತವಲ್ಲ, ಎಡಗೈ ಬೆರಳ ತುದಿಗಳ ಉರಿ. ಅನೇಕರು ಆ ಉರಿಯಲ್ಲೇ ವಾದ್ಯವನ್ನು ಮೂಲೆಗಿಡುತ್ತಾರೆ. ಕಲಿಸುವವರಿಲ್ಲದೆ, ಮನೆಯವರ ಒಪ್ಪಿಗೆಯೂ ಇಲ್ಲದೆ ಆ ಹಂತವನ್ನು ದಾಟಿ, ಜಗತ್ತೇ ಕಿವಿಗೊಡುವಂತೆ ನುಡಿಸಿದವರು ಸ್ಪೇನ್ ದೇಶದ ಆಂಡ್ರೆಸ್ ಸೆಗೋವಿಯಾ.

ಸೆಗೋವಿಯಾ ಹುಟ್ಟಿದ್ದು 1893ರ ಫೆಬ್ರವರಿ 21ರಂದು, ಆಂಡಲೂಸಿಯಾ ಪ್ರಾಂತದ ಲಿನಾರೆಸ್ ಎಂಬ ಊರಿನಲ್ಲಿ. ಬಾಲ್ಯ ಕಳೆದದ್ದು ಹೆತ್ತವರ ಬಳಿ ಅಲ್ಲ, ಬಂಧುಗಳ ಮನೆಯಲ್ಲಿ. ಹುಡುಗನಿಗೆ ಮೊದಲು ಪಿಟೀಲಿನ ಪಾಠ ಹೇಳಿಸಿದರು. ಮೇಷ್ಟರ ಗದರಿಕೆಯಿಂದಾಗಿ ಆ ಕಲಿಕೆ ಬೇಗನೆ ನಿಂತಿತು. ಹುಡುಗನ ಮನಸ್ಸು ಹರಿದದ್ದು ಗಿಟಾರಿನ ಕಡೆಗೆ.

ಆ ಕಾಲದ ಸ್ಪೇನಿನಲ್ಲಿ ಗಿಟಾರ್ ಎಂದರೆ ಹೆಂಡದಂಗಡಿಯ ವಾದ್ಯ, ಹಾಡು ಕುಣಿತಗಳಿಗೆ ಒತ್ತಾಸೆ ಎಂಬ ಭಾವನೆ ಬಲವಾಗಿತ್ತು. ಗೌರವಸ್ಥರ ಮಕ್ಕಳು ಅದನ್ನು ಹಿಡಿಯುವುದು ಮನೆಯವರಿಗೆ ಹಿಡಿಸಲಿಲ್ಲ. ಆದರೂ ಗ್ರನಾಡಾ ನಗರದಲ್ಲಿ ಹುಡುಗ ಛಲ ಬಿಡಲಿಲ್ಲ. ಫೆರ್ನಾಂಡೊ ಸೋರ್, ಫ್ರಾನ್ಸಿಸ್ಕೊ ತಾರೆಗಾ ಮೊದಲಾದ ಹಿಂದಿನವರ ಕೃತಿಗಳನ್ನು ಹುಡುಕಿ ತಂದು, ಸ್ವರಲಿಪಿ ಓದುವುದನ್ನು ತಾನೇ ರೂಢಿಸಿಕೊಂಡು, ಒಂದೊಂದು ಬೆರಳಿಗೂ ತಾನೇ ದಾರಿ ತೋರಿಸಿದ. ತನಗೆ ತಾನೇ ಗುರು, ತಾನೇ ಶಿಷ್ಯ.

1909ರಲ್ಲಿ, 16ನೇ ವಯಸ್ಸಿನಲ್ಲಿ, ಗ್ರನಾಡಾದಲ್ಲಿ ಮೊದಲ ಕಛೇರಿ ನಡೆಯಿತು. 1912ರಲ್ಲಿ ಮ್ಯಾಡ್ರಿಡ್‌ನಲ್ಲಿ ನುಡಿಸಬೇಕಾದಾಗ ಕೈಯಲ್ಲಿ ಒಳ್ಳೆಯ ವಾದ್ಯವಿರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಬಾಡಿಗೆಗೆ ಕೇಳೋಣವೆಂದು ಮಾನ್ವೆಲ್ ರಾಮಿರೆಸ್ ಎಂಬ ಹೆಸರಾಂತ ವಾದ್ಯ ತಯಾರಕರ ಅಂಗಡಿಗೆ ಹೋದರು. ತರುಣನ ವಾದನ ಕೇಳಿದ ರಾಮಿರೆಸ್, ಬೆಲೆ ಕೇಳದೆ ಗಿಟಾರನ್ನೇ ಕೊಟ್ಟುಬಿಟ್ಟರು. ಸುಮಾರು 25 ವರ್ಷ ಅದೇ ವಾದ್ಯ ಅವರ ಸಂಗಾತಿಯಾಯಿತು. 1924ರಲ್ಲಿ ಪ್ಯಾರಿಸ್, 1928ರಲ್ಲಿ ನ್ಯೂಯಾರ್ಕ್ ಅವರನ್ನು ಕೇಳಿ ಮೆಚ್ಚಿದವು. ಪಿಟೀಲಿಗೆಂದು ಬಾಖ್ ರಚಿಸಿದ್ದ ಶಕೋನ್ ಎಂಬ ಕಠಿಣ ಕೃತಿಯನ್ನು 1935ರಲ್ಲಿ ಗಿಟಾರಿನಲ್ಲಿ ನುಡಿಸಿದಾಗ ಸಂದೇಹಪಟ್ಟಿದ್ದ ಹಲವರು ತಲೆದೂಗಿದರು. ಮರುವರ್ಷ ಸ್ಪೇನಿನಲ್ಲಿ ಅಂತರ್ಯುದ್ಧ ಹತ್ತಿದಾಗ ಮನೆಮಾರು ಬಿಟ್ಟು ಹೊರದೇಶ ಸೇರಬೇಕಾಯಿತು.

ಆಗಿನ ಗಿಟಾರಿಗೆ ತಾರಸ್ವರದ ಮೂರು ತಂತಿಗಳು ಪ್ರಾಣಿಯ ಕರುಳಿನವು. ಬೆವರಿಗೆ, ತೇವಕ್ಕೆ ಅವು ಬೇಗ ಸವೆದು ತುಂಡಾಗುತ್ತಿದ್ದವು. ಎರಡನೇ ಮಹಾಯುದ್ಧದಲ್ಲಿ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಕರುಳಿನ ದಾರ ಬೇಕಾಗಿ ತಂತಿಗೆ ಬರ ಬಂತು. ನ್ಯೂಯಾರ್ಕಿನಲ್ಲಿದ್ದ ವಾದ್ಯ ತಯಾರಕ ಆಲ್ಬರ್ಟ್ ಆಗಸ್ಟೀನ್ ನೈಲಾನ್ ಎಳೆಯಿಂದ ತಂತಿ ಮಾಡಹೊರಟರು. ಸೆಗೋವಿಯಾ ಅವನ್ನು ನುಡಿಸಿ ನೋಡಿ, ಬೆಂಬಲ ಕೊಟ್ಟರು. 1940ರ ದಶಕ ಮುಗಿಯುವುದರೊಳಗೆ ಆ ತಂತಿಗಳು ಮಾರುಕಟ್ಟೆಗೆ ಬಂದವು. ಇಂದು ಎಳೆಯರ ಬೆರಳಿಗೆ ಉಕ್ಕಿನ ತಂತಿಗಿಂತ ಮೆತ್ತಗಿರುವ ನೈಲಾನ್ ತಂತಿಯ ಗಿಟಾರ್ ದೊರೆಯುತ್ತಿರುವುದರಲ್ಲಿ ಅವರ ಪಾಲೂ ಇದೆ.

ಕೀರ್ತಿ ಬಂದ ಮೇಲೂ ಸೆಗೋವಿಯಾ ಅಭ್ಯಾಸ ಬಿಡಲಿಲ್ಲ. ನಮ್ಮಲ್ಲಿ ಸರಳೆ ವರಸೆ ಹೇಗೋ ಹಾಗೆ ಏರಿಳಿತದ ಸ್ವರಪಾಠಗಳನ್ನು ದಿನವೂ ಸಾಧನೆ ಮಾಡಬೇಕೆಂಬುದು ಅವರ ಖಚಿತ ಮತ. ಅಂತಹ ಪಾಠಗಳ ಪುಸ್ತಕವೊಂದನ್ನು 1953ರಲ್ಲಿ ಹೊರತಂದರು. ಇಟಲಿಯ ಸಿಯೆನಾ, ಸ್ಪೇನಿನ ಸಾಂತಿಯಾಗೊದಲ್ಲಿ ತರುಣರಿಗೆ ಕಲಿಸಿದರು. ಗುರುವಿಲ್ಲದೆ ಬೆಳೆದವರಿಗೆ ಜಾನ್ ವಿಲಿಯಮ್ಸ್ ಅಂತಹ ಶಿಷ್ಯರಾದರು.

ತೊಂಬತ್ತು ದಾಟಿದ ಮೇಲೂ ವೇದಿಕೆಯೇರಿದ ಅವರು 1987ರ ಜೂನ್ 2ರಂದು ಮ್ಯಾಡ್ರಿಡ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಬೆರಳು ಉರಿಯುತ್ತದೆಂದು ವಾದ್ಯ ಕೆಳಗಿಡುವ ಮಕ್ಕಳಿಗೆ ಹಿರಿಯರು ಹೇಳಬಹುದಾದ ಕಥೆ ಇದು. ತುದಿ ಗಟ್ಟಿಯಾಗಲು ಕೆಲವು ವಾರ ಸಾಕು, ಕೈ ಪಳಗಲು ವರ್ಷಗಳೇ ಬೇಕು.