ಪೊರಕೆಯಲ್ಲೂ ಪರಮಾರ್ಥ ಕಂಡ ಯಾನ್ ಲೊಯ್ಕನ್

ಹದಿನೇಳನೆಯ ಶತಮಾನದ ಆಮ್‌ಸ್ಟರ್‌ಡ್ಯಾಮ್ ಯುರೋಪಿನ ಪುಸ್ತಕೋದ್ಯಮದ ಹಿರಿಯ ಕೇಂದ್ರಗಳಲ್ಲೊಂದು. ಅಲ್ಲಿ ಅಚ್ಚಾಗುತ್ತಿದ್ದ ಸಂಕೇತಚಿತ್ರ ಗ್ರಂಥಗಳ ಪುಟಗಳು ಒಗಟಿನಂತಿರುತ್ತಿದ್ದವು. ಮೇಲೊಂದು ಸೂಕ್ತಿ, ನಡುವೆ ಚಿತ್ರ, ಕೆಳಗೆ ಅದರ ಗೂಢಾರ್ಥವನ್ನು ಬಿಡಿಸುವ ಪದ್ಯ. ಸೂಕ್ತಿ, ಚಿತ್ರ, ಪದ್ಯ ಮೂರನ್ನೂ ತಾವೇ ರಚಿಸಬಲ್ಲವರಾಗಿದ್ದ ಅಪರೂಪದ ಪ್ರತಿಭೆ ಯಾನ್ ಲೊಯ್ಕನ್.

ಶಾಲಾ ಶಿಕ್ಷಕರ ಮಗನಾಗಿ 1649ರ ಏಪ್ರಿಲ್ 16ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಜನಿಸಿದ ಲೊಯ್ಕನ್ ಮೊದಲು ಚಿತ್ರಕಲೆಯನ್ನು ಕಲಿತರು. 1671ರಲ್ಲಿ ಪ್ರಕಟವಾದ ಪ್ರಣಯಗೀತೆಗಳ ಸಂಕಲನ ಅವರನ್ನು ಕವಿಯೆಂದು ಪರಿಚಯಿಸಿತು. ಮರುವರ್ಷ ವಿವಾಹವಾಯಿತು. ಕೆಲವೇ ವರ್ಷಗಳಲ್ಲಿ ಅವರ ಮನಸ್ಸು ಅಧ್ಯಾತ್ಮದತ್ತ ಹೊರಳಿತು. ಜರ್ಮನ್ ಅನುಭಾವಿ ಯಾಕೋಬ್ ಬ್ಯೋಮೆಯ ಬರಹಗಳು ಅವರನ್ನು ಗಾಢವಾಗಿ ಪ್ರಭಾವಿಸಿದವು. ತಮ್ಮ ಪ್ರಣಯಗೀತೆಗಳ ಪ್ರತಿಗಳನ್ನು ತಾವೇ ಕೊಂಡು ನಾಶಪಡಿಸಿದರೆಂಬ ಪ್ರತೀತಿಯೂ ಇದೆ. 1682ರಲ್ಲಿ ಪತ್ನಿ ತೀರಿಕೊಂಡರು. ಮಕ್ಕಳ ಪೈಕಿ ಬೆಳೆದು ದೊಡ್ಡವನಾದವನು ಕಾಸ್ಪರ್ ಒಬ್ಬನೇ.

ತಾಮ್ರದ ಫಲಕಕ್ಕೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಆಮ್ಲದಿಂದ ಕೊರೆಯಿಸುವ ಕಲೆ ಲೊಯ್ಕನ್ ಅವರ ಜೀವನೋಪಾಯವಾಯಿತು. ಅವರು ರಚಿಸಿದ ಇಂಥ ಚಿತ್ರಗಳು ಸಾವಿರಾರು. 1685ರ ‘ಹುತಾತ್ಮರ ಕನ್ನಡಿ’ ಎಂಬ ಬೃಹದ್ಗ್ರಂಥಕ್ಕೆ ಅವರು 104 ಚಿತ್ರಗಳನ್ನು ಒದಗಿಸಿದರು. ಅವುಗಳಲ್ಲಿ ಡಿರ್ಕ್ ವಿಲೆಮ್ಸ್‌ನ ಚಿತ್ರ ಸುಪ್ರಸಿದ್ಧ. ಧರ್ಮದ ಕಾರಣಕ್ಕೆ ಬಂಧಿತನಾಗಿದ್ದ ಆತ 1569ರಲ್ಲಿ ಹಿಮಗಟ್ಟಿದ ನೀರಿನ ಮೇಲೆ ಓಡಿ ಪಾರಾಗುತ್ತಿದ್ದನು. ಬೆನ್ನಟ್ಟಿದವನು ಹಿಮ ಒಡೆದು ಮುಳುಗತೊಡಗಿದಾಗ ಹಿಂತಿರುಗಿ ಅವನನ್ನು ಕಾಪಾಡಿ, ಮತ್ತೆ ಸೆರೆಸಿಕ್ಕಿ, ಜೀವಂತ ದಹನಕ್ಕೆ ಗುರಿಯಾದನು. ಲೊಯ್ಕನ್ ಚಿತ್ರಿಸಿದ್ದು ಶಿಕ್ಷೆಯನ್ನಲ್ಲ, ಚಾಚಿದ ಎರಡು ಕೈಗಳನ್ನು.

1694ರಲ್ಲಿ ತಂದೆ ಮಗ ಕೂಡಿ ನೂರು ವೃತ್ತಿಗಳ ಚಿತ್ರಗ್ರಂಥವನ್ನು ಹೊರತಂದರು. ರೊಟ್ಟಿ ಸುಡುವವನಿಂದ ನೇಕಾರನವರೆಗೆ ಪ್ರತಿ ಕಸುಬೂ ಅಲ್ಲಿ ಆತ್ಮದ ಪಾಡಿಗೆ ರೂಪಕ. ಆದರೆ ಉಪದೇಶಕ್ಕಾಗಿ ಉಪಕರಣವನ್ನು ಅವರು ಅಸ್ಪಷ್ಟಗೊಳಿಸಲಿಲ್ಲ. ಕಾರ್ಯಾಗಾರದ ಒಂದೊಂದು ಸಲಕರಣೆಯೂ ಕಣ್ಣಿಗೆ ಕಟ್ಟುವಂತಿದೆ.

1708ರಲ್ಲಿ ಕಾಸ್ಪರ್ ಕೂಡ ಅಗಲಿದನು. ವೃದ್ಧ ತಂದೆ ಕೆಲಸ ನಿಲ್ಲಿಸಲಿಲ್ಲ. 1711ರ ಗ್ರಂಥದಲ್ಲಿ ಕುರ್ಚಿ, ಕನ್ನಡಿ, ಪೊರಕೆಯಂಥ ಮನೆಬಳಕೆಯ ವಸ್ತುಗಳೇ ಗುರುಗಳಾದವು. ಮನುಷ್ಯನ ಆದಿ, ಮಧ್ಯ, ಅಂತ್ಯಗಳನ್ನು ಕುರಿತ ಕೊನೆಯ ಕೃತಿ ಮೊಮ್ಮಗನಿಗಾಗಿ ರಚಿತವಾದುದು. ಅದು ಪ್ರಕಟವಾದ 1712ರಲ್ಲೇ, ಏಪ್ರಿಲ್ 5ರಂದು ಲೊಯ್ಕನ್ ನಿಧನರಾದರು.

ಅವರು ತ್ಯಜಿಸಿದ ಪ್ರಣಯಗೀತೆಗಳಿಗೆ ಡಚ್ ಸಾಹಿತ್ಯದಲ್ಲಿ ಇಂದಿಗೂ ಗೌರವದ ಸ್ಥಾನವಿದೆ. ಲೋಕದ ಮೋಹದಿಂದ ಓದುಗರನ್ನು ಬಿಡಿಸಲೆಂದು ಕೊರೆದ ಚಿತ್ರಗಳಾದರೋ, ಅಳಿದುಹೋದ ಆ ಲೋಕವನ್ನೇ ಇತಿಹಾಸಕಾರರಿಗೆ ಉಳಿಸಿಕೊಟ್ಟಿವೆ.