ಲೋಟದ ಶುಚಿಗೆ ಯುರೋಪಿನ ಪಾಠ

ರವೆ ಇಡ್ಲಿ ಅಂದ್ರೆ ನಮಗೆಲ್ಲ ಎಂಟಿಆರ್ ನೆನಪಾಗುತ್ತೆ. ಅದನ್ನು ಕಟ್ಟಿದ ಯಜ್ಞನಾರಾಯಣ ಮಯ್ಯರು ಉಡುಪಿ ಕಡೆಯ ಪರಂಪಳ್ಳಿಯವರು. 1924ರಲ್ಲಿ ಸೋದರರ ಜೊತೆ ಬೆಂಗಳೂರಿನಲ್ಲಿ ಹೋಟೆಲ್ ತೆರೆದರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಅಲ್ಲಿ ರವೆ ಇಡ್ಲಿ ಬಂತು.

1951ರಲ್ಲಿ ಮಯ್ಯರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ, ಶಿಸ್ತು ನೋಡ್ಕೊಂಡು ಬಂದರು. ವಾಪಸ್ ಬಂದಮೇಲೆ ಪಾತ್ರೆ, ಚಮಚ ಬರೀ ತೊಳೆದರೆ ಸಾಲದು ಅಂತ ಸ್ಟೆರಿಲೈಸ್ ಮಾಡಿಸೋಕೆ ಶುರುಮಾಡಿದರು. ಗಿರಾಕಿಗಳಿಗಾಗಿ ಒಳ್ಳೆಯ ಆಹಾರ ಅಭ್ಯಾಸಗಳ ಕಿರುಪುಸ್ತಕಗಳನ್ನೂ ತಂದರು.

ಇವತ್ತು ನಮ್ಮ ರಾಮನಗರ, ಚನ್ನಪಟ್ಟಣದ ಹೈವೇ ಹೋಟೆಲಿಗೋ ಬಾರಿಗೋ ಗ್ಲಾಸ್ ತೊಳೆಯೋ ಮೆಷಿನ್ ಆರಿಸುವಾಗ ಗಂಟೆಗೆ ಎಷ್ಟು ಗ್ಲಾಸ್ ಅಂತ ಮಾತ್ರ ನೋಡಿದ್ರೆ ಆಗಲ್ಲ. ಬಿಸಿನೀರಿನ ಮೆಷಿನ್ ಆದರೆ ಕೊನೆಯ ಜಾಲಿಸೋ ನೀರು ಸುಮಾರು 82 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹೊಳೆಯೋ ಗ್ಲಾಸೆಲ್ಲ ಶುದ್ಧ ಅಲ್ಲ ಅನ್ನೋದು ಮಯ್ಯರಿಗೆ ಆಗಲೇ ಗೊತ್ತಿತ್ತು.